ಸಪಾಟ ಪಾದ

ಅನಗೋಳ, ಬೆಳಗಾವಿ
ಜೂನ್ 2, 2025

ಪ್ರೀತಿಯ ಅವ್ವಾ,

ಇಲ್ಲಿ ಎಲ್ಲ ಕ್ಷೇಮ, ನನ್ನ ಎರಡು ಪಾದಗಳನ್ನು ಬಿಟ್ಟು.

ಬಸ್ಸಿನ ಕಂಡಕ್ಟರ್ ನಾಗಲಿಂಗ ಕಾಕಾನ ಕೈಯಲ್ಲಿ ಕಳಿಸಿದ ಬುತ್ತಿ ಬಂತು. ಚವಳಿಕಾಯಿ ಪಲ್ಯ, ನಾಲ್ಕು ರೊಟ್ಟಿ ಎಲ್ಲ ಖಾಲಿ ಮಾಡಿ, ಡಬ್ಬಿ ತೊಳೆದು ಒರೆಸಿ, ಅದರೊಳಗೆ ಈ ಕಾಗದ ಇಡುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ನಮ್ಮ ನೇರಲವಾಡಿಯಲ್ಲಿ ರೇಂಜ್ ಸಿಗುವುದು ಮಾರುತಿ ಗುಡಿಯ ಕಟ್ಟೆಯ ಮೇಲೊಂದೇ. ಅಲ್ಲಿ ನೀನು "ಹಲೋ" ಅನ್ನುವಷ್ಟರಲ್ಲಿ ನಿನ್ನ ಅತ್ತೆ, ನಮ್ಮ ಆಯಿಯೂ ಸೇರಿ ಒಂಬತ್ತು ಮಂದಿ ಕಿವಿ ಅಗಲ ಮಾಡಿಕೊಂಡು ಕುಳಿತಿರುತ್ತಾರೆ. ಇದು ಕಟ್ಟೆಯ ಮೇಲೆ ಆಡುವ ಮಾತಲ್ಲ.

ಗಸ್ತು ಅರಣ್ಯ ಪಾಲಕಿ ಕೆಲಸದ ಪಟ್ಟಿಯಲ್ಲಿ ನನ್ನ ಹೆಸರು ಬಂದದ್ದು ನಿನಗೆ ಗೊತ್ತು. ಓಟ ಆಯಿತು, ಜಿಗಿತ ಆಯಿತು, ನಾಲ್ಕು ತಾಸಿನ ನಡಿಗೆಯನ್ನು ಮೂರು ತಾಸಿಗೆ ಮುಗಿಸಿ ಕಬ್ಬಿನಹಾಲು ಕುಡಿಯುತ್ತ ಕುಳಿತದ್ದೂ ಆಯಿತು. ಮೊನ್ನೆ ಶುಕ್ರವಾರ ಮೈ ತಪಾಸಣೆ. ಕಣ್ಣು, ಕಿವಿ, ಎದೆ ಎಲ್ಲ ಪಾಸು. ಕೊನೆಗೆ ಡಾಕ್ಟರರು ಬರಿಗಾಲಲ್ಲಿ ನಿಲ್ಲಿಸಿ, ಬಗ್ಗಿ ನೋಡಿ, ಕಾಗದದ ಮೇಲೆ ಇಂಗ್ಲಿಷಿನಲ್ಲಿ ಗೀಚಿದರು: "ಫ್ಲ್ಯಾಟ್ ಫೂಟ್". ಸದ್ಯಕ್ಕೆ ಅನರ್ಹಳು. ಮೂವತ್ತು ದಿನದೊಳಗೆ ಎಲುಬಿನ ಡಾಕ್ಟರರ ಪ್ರಮಾಣಪತ್ರ ತಂದರೆ ಇನ್ನೊಮ್ಮೆ ನೋಡುತ್ತಾರೆ. ತರದಿದ್ದರೆ ನಾಲ್ಕು ವರ್ಷದ ನನ್ನ ಓಟ ಅಲ್ಲಿಗೇ ಮುಗಿಯಿತು.

ರೂಮಿಗೆ ಬಂದು ಆ ಪದದ ಬೆನ್ನು ಹತ್ತಿದೆ. ಒಂದು ಕಡೆ ಬರೆದಿತ್ತು: ಪಾದದ ಒಳಬದಿಯ ಕಮಾನು ಇಲ್ಲದೆ ಅಂಗಾಲು ಪೂರ್ತಿ ನೆಲಕ್ಕೆ ಹತ್ತುವುದು. ಇನ್ನೊಂದು ಕಡೆ: ಅಮೆರಿಕದ ಹಳೇ ಮಂದಿ ಬೀದಿ ಸುತ್ತುವ ಗಸ್ತು ಪೊಲೀಸನಿಗೆ ಹೀಗೆ ಅಡ್ಡಹೆಸರು ಇಟ್ಟಿದ್ದರಂತೆ. ಮೂರನೆಯದು: ತಯಾರಿಯಿಲ್ಲದೆ ಪೆಕರನಂತೆ ಸಿಕ್ಕಿಬಿದ್ದವನಿಗೂ ಇದೇ ಮಾತು. ಅವ್ವಾ, ಮೂರೂ ನನಗೇ ಹೊಲಿಸಿದಂತಿವೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಸದಾಶಿವನಗರದಲ್ಲಿ ನಾನು ಮಕ್ಕಳಿಗೆ ಕಲಿಸುವ ಬಾಲವಾಡಿಯ ಹತ್ತಿರವೇ ಡಾಕ್ಟರ್ ಸನಮ್ ಎನ್ನುವ ಎಲುಬಿನ ಡಾಕ್ಟರ್‌ಬಾಯಿ ಇದ್ದಾರೆ. ಅವರು ಮೊದಲು ಕೇಳಿದ್ದೇ, "ಮನ್ಯಾಗ ಯಾರಿಗರೆ ಇಂಥಾ ಕಾಲು ಅದಾವೇನವಾ?" ಅಂತ. ಅದಾವೇನವ್ವಾ?

ನಿನ್ನ
ಸಮೃದ್ಧಿ


ನೇರಲವಾಡಿ, ತಾ. ಖಾನಾಪುರ
ಜೂನ್ 4, 2025

ಚಿರಂಜೀವಿ ಸಮೃದ್ಧಿಗೆ ಅವ್ವನ ಆಶೀರ್ವಾದ.

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ನಮ್ಮ ಮನೆಯಲ್ಲಿ ಅಂಥ ಕಾಲು ಯಾರಿಗೂ ಇಲ್ಲ. ನಿಮ್ಮಪ್ಪ ಇಪ್ಪತ್ತೈದು ವರ್ಷದಿಂದ ಕರೆಂಟಿನ ಕಂಬ ಏರಿ ಇಳಿಯುತ್ತಿದ್ದಾರೆ, ಅವರ ಕಾಲಿಗೆ ಏನಾಗಿದೆ? ನನ್ನ ಕಾಲಂತೂ ಪಡಸಾಲೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲೇ ಇದೆ. ಬಿಳಿ ಬಟ್ಟೆಯ ಮೇಲೆ ಕುಂಕುಮದ ಹೆಜ್ಜೆ, ನಡುವೆ ಎಷ್ಟು ಚೆಂದದ ಕಮಾನು! ನಿಮ್ಮ ಆಯಿ ಪ್ರತಿ ಶುಕ್ರವಾರ ಅದಕ್ಕೆ ಕುಂಕುಮ ಹಚ್ಚಿ ಕೈ ಮುಗಿಯುವುದನ್ನು ಹುಟ್ಟಿದಾಗಿನಿಂದ ನೋಡಿದ್ದೀಯ. ಮತ್ತೆ ಕೇಳುತ್ತೀಯಲ್ಲ!

ನೀನು ಸಣ್ಣವಳಿದ್ದಾಗ ಬೂಟು ಬಿಗಿಯಾಗಿದ್ದವು, ಅದಕ್ಕೇ ಹೀಗಾಗಿರಬೇಕು. ಅಂಗಾಲಿಗೆ ಹರಳೆಣ್ಣೆ ತಿಕ್ಕು. ಉಸುಕಿನ ಮೇಲೆ ನಡೆ. ಆ ಡಾಕ್ಟರಿಗೆ ಮನೆಯ ಸುದ್ದಿ ಯಾಕೆ ಬೇಕು? ಕಾಲು ನೋಡಲಿ, ಬರೆದುಕೊಡಲಿ.

ಇಂದು ಶೇಂಗಾ ಚಟ್ನಿ ಜಾಸ್ತಿ ಇಟ್ಟಿದ್ದೇನೆ. ಮಳೆ ಹಿಡಿದಿದೆ, ಎಮ್ಮೆ ಹಾಲು ಕಡಿಮೆ ಮಾಡಿದೆ. ಇಂಥ ಕಾಗದ ಮತ್ತೆ ಬರೆಯಬೇಡ. ಡಬ್ಬಿ ಬೇರೆಯವರ ಕೈಗೆ ಸಿಕ್ಕರೆ?

ಪ್ರಮಿಳಾ


ಅನಗೋಳ
ಜೂನ್ 9, 2025

ಅವ್ವಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಒಂದು ಪ್ರಶ್ನೆ ಕೇಳಿದರೆ ನೀನು ಅಪ್ಪ, ಬೂಟು, ಎಮ್ಮೆ ಎಲ್ಲವನ್ನೂ ಸಾಕ್ಷಿಗೆ ಕರೆದೆ!

ಸಿಟ್ಟಾಗಬೇಡ, ಪೂರ್ತಿ ಓದು. ಶನಿವಾರ ಡಾಕ್ಟರ್ ಸನಮ್ ನನ್ನ ಪಾದ ಸರಿಯಾಗಿ ನೋಡಿದರು. ನೆಟ್ಟಗೆ ನಿಂತರೆ ಅಂಗಾಲು ಪೂರ್ತಿ ನೆಲಕ್ಕೆ. ಆಮೇಲೆ ಬೆರಳ ತುದಿಯ ಮೇಲೆ ನಿಲ್ಲಿಸಿದರು. ಅವ್ವಾ, ಎಲ್ಲಿಂದ ಬಂತೋ, ಅಲ್ಲೊಂದು ಕಮಾನು ಎದ್ದು ನಿಂತಿತು! "ನೋಡವಾ, ಎಲ್ಲಾ ಸಪಾಟ ಕಾಲು ಒಂದ ಥರಾ ಇರೂದಿಲ್ಲ. ಬಿಗದ ಕುಂತಿದ್ದ ಬ್ಯಾರೆ, ಬಾಗೂದ ಬ್ಯಾರೆ. ನಿಂದು ಬಾಗತೈತಿ. ಅದರಿಂದ ಕೆಲಸಕ್ಕ ಏನೂ ಅಡ್ಡಿಯಿಲ್ಲ" ಅಂದರು. ಆದರೆ ಅವರು ನೇರ ಮನುಷ್ಯರು. ನನಗೆ ಇಪ್ಪತ್ಮೂರು ವರ್ಷ. ಇನ್ನು ಮೂವತ್ತು ವರ್ಷ ಕಾಡು ಸುತ್ತಿದರೂ ನೋವು ಬಾರದು ಎಂದು ಬರೆಯಬೇಕಾದರೆ, ಇದೇ ಪಾದ ಇಟ್ಟುಕೊಂಡು ಆಯುಷ್ಯವೆಲ್ಲ ನಡೆದವರು ಮನೆಯಲ್ಲಿ ಒಬ್ಬರಿದ್ದರೆ ತೋರಿಸು, ಧೈರ್ಯವಾಗಿ ಬರೆಯುತ್ತೇನೆ ಎಂದರು. ಭಾನುವಾರ ಅಪ್ಪ ಬಂದಾಗ ಚಪ್ಪಲಿ ಬಿಚ್ಚಿಸಿ ನೋಡಿದೆ. ಅವರ ಪಾದದ ಅಡಿ ಇಲಿ ಸಂಸಾರ ಮಾಡಬಹುದು, ಅಷ್ಟು ಕಮಾನು.

ಇನ್ನು ಉಳಿದವಳು ನೀನು. ಬಚ್ಚಲಿನಿಂದ ಬಂದ ಕೂಡಲೇ ಗೋಣಿ ತಟ್ಟಿನ ಮೇಲೆ ಕಾಲು ಒರೆಸಿ ಒರೆಸಿ ಒಣಗಿಸುವವಳು, ಹಿಮ್ಮಡಿ ಒಡೆದಿದೆ ಎಂದು ಮೇ ತಿಂಗಳಲ್ಲೂ ಕಾಲುಚೀಲ ಹಾಕುವವಳು. ನಿನ್ನ ಬರಿಗಾಲನ್ನು ನಾನು ಸರಿಯಾಗಿ ನೋಡಿದ್ದು ಒಂದೇ ಸಲ, ನಿನಗೆ ಜ್ವರ ಬಂದಾಗ. ಆಗ ಕಂಡದ್ದನ್ನು ಮರೆತಿಲ್ಲ. ನಿನ್ನ ಹೆಬ್ಬೆರಳು ಎಲ್ಲಕ್ಕಿಂತ ಉದ್ದ. ಗೋಡೆಯ ಮೇಲಿನ ಬಟ್ಟೆಯಲ್ಲಿ ಎರಡನೇ ಬೆರಳು ಉದ್ದ.

ಅವ್ವಾ, ಆ ಕಾಲು ಯಾರದು?

ಸಮೃದ್ಧಿ


ನೇರಲವಾಡಿ
ಜೂನ್ 12, 2025

ಸಮೃದ್ಧಿ,

ಮೂರು ದಿನ ನಿನಗೆ ಬರೇ ಬುತ್ತಿ ಕಳಿಸಿದೆ, ಕಾಗದ ಇಡಲಿಲ್ಲ. ಇವತ್ತು ಕುಳಿತು ಬರೆಯುತ್ತಿದ್ದೇನೆ. ಓದಿ ಹರಿದು ಹಾಕು, ನನ್ನಾಣೆ.

ಆ ಕಾಲು ನನ್ನ ತಂಗಿಯದು, ನಿನ್ನ ಮನಿಷಾ ಮಾವಶಿಯದು.

ನನಗೆ ಎರಡು ಸಂಬಂಧ ಬಂದು ಮುರಿದಿದ್ದವು. ಎರಡೂ ಸಲ ಕಾಲಿನಿಂದಲೇ. ಆಗೆಲ್ಲ ಹುಡುಗಿಯನ್ನು ಸಾರಿಸಿದ ನೆಲದ ಮೇಲೆ ನಡೆಸಿ ಹೆಜ್ಜೆ ನೋಡುತ್ತಿದ್ದರು. ನಡುವೆ ಖಾಲಿ ಬಿಡದೆ ಪೂರ್ತಿ ಪಾದ ಮೂಡಿದರೆ ಮುಗಿಯಿತು, ಕಾಲ್ಗುಣ ಸರಿಯಿಲ್ಲ, ಹೊಕ್ಕ ಮನೆಯೂ ಸಪಾಟ ಆಗುತ್ತದೆ ಎನ್ನುವವರು. ನಿಮ್ಮ ಆಯಿ ಎಲ್ಲರಿಗಿಂತ ಒಂದು ಕೈ ಮೇಲು. ಹೆಣ್ಣು ನೋಡಲು ಬರುವಾಗ ಹೆಗಲಿನ ಪಿಶವಿ ಚೀಲದಲ್ಲಿ ಬಿಳಿ ಬಟ್ಟೆಯನ್ನೂ ಕುಂಕುಮವನ್ನೂ ತಾವೇ ಕಟ್ಟಿಕೊಂಡು ಬಂದರು. "ಬಾಯಿಮಾತು ನಾ ನಂಬಂಗಿಲ್ಲ. ಹೆಜ್ಜಿ ಮೂಡಿಸಿ ಕೊಡ್ರಿ, ಮನಿಗೆ ಒಯ್ದು ನೋಡ್ತೀನಿ" ಎಂದರು. ಹೊರಗೆ ಗಂಡಸರು ತುಂಬಿದ್ದರು. ನಮ್ಮವ್ವ, "ಹುಡುಗಿ ನಾಚತಾಳ್ರಿ, ಅಡಗಿಮನ್ಯಾಗ ತುಳಿಸಿಕೊಂಡ ಬರ್ತೀನಿ" ಎಂದು ಕುಂಕುಮದ ನೀರು ತುಂಬಿದ ಪರಾತ, ಬಟ್ಟೆ ಎತ್ತಿಕೊಂಡು ಒಳಗೆ ಬಂದಳು. ಒಳಗೆ ನಾನಿದ್ದೆ, ಮನಿಷಾ ಇದ್ದಳು. ನಮ್ಮವ್ವ ನನ್ನ ಮುಖ ನೋಡಲೇ ಇಲ್ಲ. ಮನಿಷಾನ ರಟ್ಟೆ ಹಿಡಿದು ಪರಾತದಲ್ಲಿ ನಿಲ್ಲಿಸಿದಳು. ಆ ಹುಡುಗಿಗೆ ಹದಿನಾರು ವರ್ಷ, ಕಿಸಿಕಿಸಿ ನಗುತ್ತ ತುಳಿದು ಕೊಟ್ಟಿತು.

ಆ ಬಟ್ಟೆಗೆ ನಿಮ್ಮ ಆಯಿ ಚೌಕಟ್ಟು ಹಾಕಿಸಿಬಿಡುತ್ತಾರೆಂದು ಯಾರಿಗೆ ಗೊತ್ತಿತ್ತು? ನಿಮ್ಮಪ್ಪನಿಗೆ ಲೈನ್‌ಮನ್ ಕೆಲಸ ಸಿಕ್ಕಿತು, "ನನ್ನ ಸೊಸಿ ಕಾಲ್ಗುಣ" ಎಂದರು. ನೀನು ಹುಟ್ಟಿದೆ, ಅದಕ್ಕೂ ಅದೇ ಮಾತು. ಎಮ್ಮೆ ಅವಳಿ ಕರು ಹಾಕಿದಾಗ ಚೌಕಟ್ಟಿಗೆ ಹೂವಿನ ಸರ ಬಿತ್ತು. ಇಪ್ಪತ್ತಾರು ವರ್ಷದಿಂದ ಪೂಜೆ ಮನಿಷಾನ ಕಾಲಿಗೆ, ರೊಟ್ಟಿ ಬಡಿಯುವ ಕೆಲಸ ನನಗೆ. ಬರೆಯುವಾಗ ನನಗೇ ನಗು ಬರುತ್ತಿದೆ ನೋಡು.

ಆದರೆ ಖರೇ ಹೇಳುತ್ತೇನೆ, ನನಗೆ ಹೆದರಿಕೆ. ಮನೆಯಿಂದ ಹಾಕುತ್ತಾರೆ ಎಂದಲ್ಲ, ಈ ವಯಸ್ಸಿನಲ್ಲಿ ಯಾರು ಹಾಕುತ್ತಾರೆ? ನಿಮ್ಮ ಆಯಿಗೆ ಬಾಯಿ ಜೋರಾದರೂ ನನ್ನನ್ನು ಮಗಳ ಹಾಗೆ ನೋಡಿಕೊಂಡಿದ್ದಾರೆ. ಆ ಪ್ರೀತಿಯೂ ಆ ಬಟ್ಟೆಗೇ ಸಂದದ್ದೋ ಏನೋ. ನಾನು ಕಾಲು ತೋರಿಸಿದ ದಿನ ಅದು ಗೊತ್ತಾಗಿಬಿಡುತ್ತದೆ. ಎಪ್ಪತ್ತೆಂಟರ ಮುದುಕಿಗೆ ಮೋಸ ಮಾಡಿದವಳು ಎನ್ನಿಸಿಕೊಂಡು ಅದೇ ಮನೆಯಲ್ಲಿ ರೊಟ್ಟಿ ಬಡಿಯುವುದು ನನ್ನಿಂದಾಗದು. ನನ್ನ ಕಾಲಿನಿಂದ ನಿನ್ನ ಕೆಲಸ ಹೋಗುತ್ತದೆ ಎಂದರೆ ಹೊಟ್ಟೆ ಉರಿಯುತ್ತದೆ. ಆದರೂ ಬರಲಾರೆ.

ಕ್ಷಮಿಸು ಮಗಳೇ.

ಅವ್ವ


ಅನಗೋಳ
ಜೂನ್ 16, 2025

ನನ್ನ ಅವ್ವಾ,

ಬರಬೇಡ. ಡಾಕ್ಟರ್‌ಬಾಯಿಗೆ ನಿನ್ನ ಕಾಲು ತೋರಿಸದೆ ಬೇರೆ ದಾರಿ ಹುಡುಕೋಣ. ಮನಿಷಾ ಮಾವಶಿಯ ಪಾದಕ್ಕೆ ಆಯಿ ಕುಂಕುಮ ಹಚ್ಚುತ್ತಲೇ ಇರಲಿ, ನಾನು ಬಾಯಿ ಬಿಡುವುದಿಲ್ಲ.

ನಿನಗೆ ಒಂದು ಮಾತು ಹೇಳಬೇಕು. ನಡಿಗೆಯ ದಿನ ನನ್ನ ಮುಂದೆ ಹೊಸ ಬೂಟಿನ ಹುಡುಗಿಯರು ಬಹಳ ಮಂದಿ ಇದ್ದರು. ಅರ್ಧ ದಾರಿಗೆ ಬೊಬ್ಬೆ ಬಂದು ಒಬ್ಬೊಬ್ಬರೇ ಕುಳಿತರು. ನನ್ನ ಕಾಲು ಏನೂ ಅನ್ನಲಿಲ್ಲ. ಅದು ನಿನ್ನ ಕಾಲೆಂದು ಆಗ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ, ನನಗೆ ಬಹಳ ಖುಷಿಯಾಗಿದೆ. ಇದೊಂದು ಖರೇ ಅಂತ ತಿಳಿ.

ಜೂನ್ ಇಪ್ಪತ್ತೊಂಬತ್ತು ಕೊನೆಯ ದಿನ. ಡಾಕ್ಟರರ ಕೈಕಾಲು ಹಿಡಿದು ನೋಡುತ್ತೇನೆ.

ನಿನ್ನದೇ ಕಾಲಿನ
ಸಮೃದ್ಧಿ


ನೇರಲವಾಡಿ ಬಸ್ ನಿಲ್ದಾಣ
ಜೂನ್ 18, 2025

ಸಮೃದ್ಧಿ,

ನಾ ನಿಮ್ಮ ಆಯಿ ಮಾಯಕ್ಕ ಹೇಳಾಕತ್ತೀನಿ. ಬರಿಯಾಂವ ಕಂಡಕ್ಟರ್ ನಾಗಲಿಂಗ. ಬಸ್ಸು ಹತ್ತ ಮಿನಿಟ ನಿಂದರತೈತಿ, ಅದರಾಗ ಮುಗಸ್ಬೇಕು.

ನಿನ್ನೆ ನಿಮ್ಮವ್ವ ರೇಶನ್ ಕಾರ್ಡಿಗೆ ಹೆಬ್ಬಟ್ಟ ಕೊಡಾಕ ಖಾನಾಪುರಕ್ಕ ಹೋಗಿದ್ಲು. ಡಬ್ಬಿ ನನ್ನ ಕೈಗೆ ಬಂತು. ಒಳಗ ಕಾಗದ. ಮೊಮ್ಮಗಳು ಏನ ಬರದಾಳ ಓದಪಾ ಅಂತ ನಾಗಲಿಂಗಗ ಅಂದೆ. ಅಂವಾ ಓದಿದ. ಬಸ್ಸಿನ ಬಾಗಲದಾಗ ನಿಂತ ಓದಿದ, ಹದಿನಾಲ್ಕ ಮಂದಿ ಕೇಳಿದ್ರು.

(ತಂಗಿ, ನಾನು ನಾಗಲಿಂಗ. ಎರಡನೇ ಸಾಲಿನಲ್ಲೇ ನನಗೆ ತಿಳಿಯಿತು, ಬಾಯಿ ಮುಚ್ಚಿದೆ. ಆದರೆ ಆಯಿ ಬಿಡಲಿಲ್ಲ. ತಪ್ಪಾಯಿತು.)

ಅದೇನ ಗುಣುಗುಣು ಮಾಡಾಕತ್ತಿ, ನಾ ಹೇಳಿದ್ದ ಬರಿ. ಇಪ್ಪತ್ತಾರ ವರ್ಷ ನಾ ಆ ಹಿಂಡಲಗಾದ ಮನಿಷಾನ ಕಾಲಿಗೆ ಕುಂಕುಮ ಹಚ್ಚೀನೇನ? ಆಕಿ ಮನಿಗೆ ಹ್ವಾದ್ರ ಒಂದ ಕಪ್ ಚಾ ಸುದ್ದಾ ಛಲೋ ಮಾಡಂಗಿಲ್ಲ ಆಕಿ! ನನಗ ಸಿಟ್ಟ ಬಂದೈತಿ. ಬಾಳ ಬಂದೈತಿ. ಅಂಥಾದ್ದ ಬಟ್ಟಿ ನನ್ನ ಕೈಯಾಗ ಕೊಟ್ಟು ನಿಮ್ಮ ಅಮ್ಮ, ಪ್ರಮಿಳಾನ ತಾಯಿ, ಸ್ವರ್ಗಕ್ಕ ಹೋಗಿ ಕುಂತಾಳ. ಜಗಳಾ ಮಾಡೂಣಂದ್ರ ಸಿಗವಲ್ಲಳು.

ನಿಮ್ಮವ್ವ ನಿನ್ನೆಯಿಂದ ನನ್ನ ಕೂಡ ಮಾತಾಡವಲ್ಲಳು, ಮಾರಿ ತೋರಸವಲ್ಲಳು. ಶುಕ್ರವಾರ ಆ ಡಾಕ್ಟರ್‌ಬಾಯಿಗೆ ದವಾಖಾನಿ ಬಿಟ್ಟ ಎಲ್ಲೂ ಹೋಗಬ್ಯಾಡಂತ ಹೇಳು. ನಾ ಪ್ರಮಿಳಾನ ಕರಕೊಂಡ ಬರ್ತೀನಿ. ಆ ಕಾಲು ನಾನೂ ನೋಡ್ಬೇಕು.

ಹಾರ್ನ್ ಹೊಡ್ಯಾಕತ್ತಾರ. ಸಾಕು.

ಮಾಯಕ್ಕ, ಹೆಬ್ಬಟ್ಟ


ನೇರಲವಾಡಿ
ಜೂನ್ 20, 2025

ನನ್ನ ಸಮೃದ್ಧಿ,

ನೀನು ಬಾಲವಾಡಿ ಬಿಟ್ಟು ಬರುವಷ್ಟರಲ್ಲಿ ನಾವು ನಾಲ್ಕರ ಬಸ್ಸು ಹಿಡಿದಿದ್ದೆವು. ಎಮ್ಮೆ ಹಿಂಡುವ ಹೊತ್ತಾಗಿತ್ತು, ನಿಂತರೆ ನಡೆಯುತ್ತಿರಲಿಲ್ಲ. ಪ್ರಮಾಣಪತ್ರ ಡಾಕ್ಟರರ ಕೈಯಿಂದ ಇಸಿದುಕೊಂಡಿರಬೇಕು. ಅದು ಹೇಗೆ ಬಂತೆಂದು ನಾನೇ ಹೇಳಬೇಕು, ಬೇರೆ ಯಾರೂ ಸರಿಯಾಗಿ ಹೇಳಲಾರರು.

ಮೂರು ದಿನ ಹೀಗೇ ಹೋಯಿತು: ನಾನು ರೊಟ್ಟಿ ಬಡಿದೆ, ಅತ್ತೆ ಉಂಡರು. ಬುಧವಾರ ಅವರೇ ಸ್ಟೂಲು ಹತ್ತಿ ಚೌಕಟ್ಟು ಇಳಿಸಿ, ಹಳೇ ಸೀರೆಯಲ್ಲಿ ಸುತ್ತಿ, ನಾಗಲಿಂಗಣ್ಣನ ಕೈಯಲ್ಲಿ ಹಿಂಡಲಗಾಕ್ಕೆ ಕಳಿಸಿಬಿಟ್ಟರು. "ಆಕಿ ಕಾಲು ಆಕಿ ಮನ್ಯಾಗ ಇರಲಿ. ಬೇಕಾದ್ರ ಕುಂಕುಮ ತಾನ ಹಚ್ಚಿಕೊಳ್ಳಲಿ" ಎಂದರಂತೆ. ಮನಿಷಾ ಮಾವಶಿ ನಿಮ್ಮಪ್ಪನಿಗೆ ಫೋನು ಮಾಡಿದಳು, ನಕ್ಕು ನಕ್ಕು ಮಾತೇ ಬರಲಿಲ್ಲವಂತೆ ಅವಳಿಗೆ. ನನಗೆ ಮಾತ್ರ ನಗು ಬರಲಿಲ್ಲ. ಇಳಿದದ್ದು ಚೌಕಟ್ಟಲ್ಲ, ನಾನೇ ಅನ್ನಿಸಿತು.

ಇವತ್ತು ಬಸ್ಸಿನಲ್ಲಿ ಖಾನಾಪುರದವರೆಗೂ ಇಬ್ಬರೂ ಕಿಟಕಿಯಾಚೆಯೇ ನೋಡುತ್ತಿದ್ದೆವು. ದವಾಖಾನೆಯಲ್ಲಿ ಕೆಳಗೆ ದೀಪ ಇರುವ ಗಾಜಿನ ಪೆಟ್ಟಿಗೆಯೊಂದಿತ್ತು. ಅದರ ಮೇಲೆ ನಿಲ್ಲಬೇಕಂತೆ. ಕಾಲುಚೀಲ ಬಿಚ್ಚುವಾಗ ಹಿಮ್ಮಡಿಗೆ ಸಿಕ್ಕಿಕೊಂಡಿತು. ಅತ್ತೆಯೇ ಬಗ್ಗಿ ಎಳೆದು ಬಿಚ್ಚಿದರು. ನಾನು ಗಾಜಿನ ಮೇಲೆ ನಿಂತೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಯವ್ವಾ, ಎಷ್ಟ ಅಗಲ!" ಎಂದರು. ಅಷ್ಟೇ.

ಡಾಕ್ಟರರು ನನ್ನನ್ನು ಬೆರಳ ತುದಿಯ ಮೇಲೆ ನಿಲ್ಲಿಸಿದರು, ಕಾಲು ತಿರುವಿ ನೋಡಿದರು. "ಮಗಳ ಕಾಲು ಹೆಂಗೋ ಹಂಗ ಅದಾವ್ರಿ. ನೋವು ಏನರೆ? ಎಷ್ಟ ನಡದೀರಿ ಇಷ್ಟ ವರ್ಷ?" ಎಂದು ಕೇಳಿದರು. ಏನು ಹೇಳಲಿ? ಹೆಂಗಸರ ಮನೆಗೆಲಸದ ನಡಿಗೆಯನ್ನು ಯಾರು ಅಳೆದಿರುತ್ತಾರೆ? "ಹಂಗೇನ ಬಾಳ ಇಲ್ರಿ" ಎಂದೆ.

ಅತ್ತೆ ಕೋಲಿನಿಂದ ನೆಲ ಕುಟ್ಟಿದರು. "ಆಕಿಗೆ ಏನ ಕೇಳ್ತೀರಿ? ನನ್ನ ಕೇಳ್ರಿ. ಬರಕೊಳ್ರಿ."

ಡಾಕ್ಟರರು ನಗುತ್ತ ಪೆನ್ನು ಹಿಡಿದರು.

"ಬಾವಿ ಗುಡ್ಡದ ಕೆಳಗ. ದಿನಾ ಎಂಟ ಕೊಡ ನೀರು, ಹನ್ನೊಂದ ವರ್ಷ, ನಳಾ ಬರೂತನಕ. ಡೇರಿಗೆ ಹಾಲು ಹೊತಗೊಂಡು ದಿನಾ ಎರಡ ಸಲ, ಅದು ಇನ್ನೂ ನಡದೈತಿ. ಆ ಸಮೃದ್ಧಿ ಹೊಟ್ಯಾಗಿದ್ದಾಗ ಹಳ್ಳ ಬಂದು ಬಸ್ಸು ನಿಂತಿತ್ತು. ಒಂಬತ್ತ ತಿಂಗಳ ಹೊಟ್ಟಿ ಹೊತಗೊಂಡು ಡಾಂಬರ್ ರಸ್ತಾದ ತನಕ ನಡದಾಳ. ನಾ ಹಿಂದ ಛತ್ರಿ ಹಿಡಕೊಂಡು ಓಡೀನಿ, ನನಗ ಆಕಿನ್ನ ಹಿಡ್ಯಾಕ ಆಗಲಿಲ್ಲ. ನಾ ಬಿದ್ದ ಟೊಂಕ ಮುರಕೊಂಡಾಗ ಮೂರ ತಿಂಗಳ ನನ್ನ ಬೆನ್ನ ಮ್ಯಾಲ ಹೊತ್ತ ಬಚ್ಚಲಕ್ಕ ಒಯ್ದಾಳ. ಅವೂ ಹೆಜ್ಜಿನ. ಬರಕೊಂಡ್ರೇನ್ರಿ?"

ಡಾಕ್ಟರರು ಹಾಳೆ ತಿರುವಿ ಹಿಂಬದಿಯಲ್ಲೂ ಬರೆದುಕೊಂಡರು.

"ನಾ ದಡ್ಡ ಮುದುಕಿ, ಡಾಕ್ಟರ್‌ಬಾಯಿ," ಎಂದರು ಅತ್ತೆ. "ಗ್ವಾಡಿ ಮ್ಯಾಲಿನ ಕಾಲಿಗೆ ಕೈ ಮುಗದೆ. ಅದು ನಮ್ಮ ಮನ್ಯಾಗ ಒಂದ ಹೆಜ್ಜಿ ನಡದಿಲ್ಲ. ನಡದಾಕಿ ಈಕಿ."

ನಾನು ಗಾಜಿನ ಪೆಟ್ಟಿಗೆಯ ಮೇಲೆ ನಿಂತೇ ಅತ್ತುಬಿಟ್ಟೆ, ಸಣ್ಣ ಹುಡುಗಿಯ ಹಾಗೆ. ನನ್ನ ಹೆಜ್ಜೆಗಳನ್ನು ಅತ್ತೆ ಒಂದೊಂದಾಗಿ ನೋಡಿಕೊಂಡೇ ಇದ್ದರಲ್ಲ ಸಮೃದ್ಧಿ! ಅತ್ತೆ ಮಾತ್ರ, "ಇಳಿಯವಾ ಸಾಕು, ಗಾಜ ಒಡದೀತು" ಎಂದು ನನ್ನ ಕೈ ಹಿಡಿದು ಇಳಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕುಂದಾ ತಿಂದೆವು. ನಿನಗೂ ಸ್ವಲ್ಪ ಇಡಬೇಕೆಂದಿದ್ದೆ, ಅತ್ತೆ ದಾರಿಯಲ್ಲಿ ಅದನ್ನೂ ಮುಗಿಸಿದರು.

ನಾಳೆ ಬುತ್ತಿಯಲ್ಲಿ ಹೋಳಿಗೆ ಇದೆ.

ಅವ್ವ


ಅನಗೋಳ
ಜುಲೈ 4, 2025

ಅವ್ವಾ, ಆಯಿ, ಇಬ್ಬರಿಗೂ,

ಇದನ್ನು ನಾಗಲಿಂಗ ಕಾಕಾ ಬಸ್ಸಿನ ಬಾಗಿಲಲ್ಲೇ ಓದಲಿ, ಜೋರಾಗಿ ಓದಲಿ: ನಾನು ಪಾಸು!

ಮರುಪರೀಕ್ಷೆಯಲ್ಲಿ ಇದ್ದ ಡಾಕ್ಟರರು ಡಾಕ್ಟರ್ ಸನಮ್ ಬರೆದುಕೊಟ್ಟದ್ದನ್ನು ಎರಡು ಸಲ ಓದಿದರು. ತಾಯಿಗೂ ಇದೇ ಪಾದ, ನಲವತ್ತೆಂಟು ವಯಸ್ಸು, ನೋವಿಲ್ಲ ಎಂದಿತ್ತು. ಅದರ ಕೆಳಗೆ ಬಾವಿ, ಡೇರಿ, ಹಳ್ಳ, ಬಚ್ಚಲು ಎಲ್ಲ ಇಂಗ್ಲಿಷಿನಲ್ಲಿ ಬಂದಿದ್ದವು. ಅವರು ನನ್ನನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ನೋಡಿದರು, "ಯಾರಿದು ಇಷ್ಟೆಲ್ಲಾ ಹೇಳಿದ್ದು?" ಎಂದರು. "ನಮ್ಮ ಆಯಿ ರೀ" ಎಂದೆ. "ಅರ್ಹಳು" ಎಂದು ಸಹಿ ಮಾಡಿದರು. ಮುಂದಿನ ತಿಂಗಳು ತರಬೇತಿ.

ಆಮೇಲೆ ಅರ್ಜಿ ತುಂಬಿಸುವ ಕೆಲಸ. ಗುರುಪುತ್ರಪ್ಪ ಎನ್ನುವ ಹಿರಿಯ ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡುತ್ತ ಕೇಳಿದರು.

"ಮೈಮ್ಯಾಲಿನ ಗುರ್ತು ಎರಡ ಹೇಳವಾ. ಖಾಯಂ ಇರೂವಂಥಾವು."

"ಎಡಗಲ್ಲದ ಮ್ಯಾಲ ಮಚ್ಚಿ ಐತ್ರಿ."

"ಇನ್ನೊಂದು?"

"ಎರಡೂ ಪಾದ ಸಪಾಟ ಅದಾವ್ರಿ."

ಅವರು ಪೆನ್ನು ಕೆಳಗಿಟ್ಟರು. "ತಂಗಿ, ಅದು ದೋಷ ಆಗತೈತಿ, ಗುರ್ತಲ್ಲ. ಕೈ ಮ್ಯಾಲ ಗಾಯದ ಕಲಿ ಏನರೆ ಇದ್ರ ಹೇಳು."

"ಗುರ್ತ ರೀ. ನಮ್ಮವ್ವಂದೂ ಹಿಂಗ ಅದಾವು. ಬರಕೊಳ್ರಿ."

ಅವರು ಪೆನ್ನು ಮತ್ತೆ ಎತ್ತಿ ಬರೆದುಕೊಂಡರು.

ನಿಮ್ಮ
ಸಮೃದ್ಧಿ ಪ್ರಮಿಳಾ ಲಕ್ಷ್ಮಣ
ಗಸ್ತು ಅರಣ್ಯ ಪಾಲಕಿ